ಕೆರಿಬಿಯನ್ ಕಡಲತೀರದ ರಜೆ: ನೀರಿಗಿಳಿಯುವ ಮುನ್ನ ತಿಳಿದಿರಬೇಕಾದುದು

2024ರ ಜೂನ್ 29ರಂದು ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನ್‌ನಲ್ಲಿ ಭಾರತದ ಕ್ರಿಕೆಟ್ ತಂಡವು ಟಿ-20 ವಿಶ್ವಕಪ್ ಗೆದ್ದುದನ್ನು ನಮ್ಮ ಮನೆಗಳ ಮಕ್ಕಳು ತಡರಾತ್ರಿಯವರೆಗೆ ಎಚ್ಚರವಿದ್ದು ನೋಡಿದ್ದಾರೆ. ತಂಡವು ಕೂಡಲೇ ಸ್ವದೇಶಕ್ಕೆ ಮರಳಲಿಲ್ಲ ಎಂಬುದೂ ಅವರಿಗೆ ನೆನಪಿರಬಹುದು. ಬೆರಿಲ್ ಎಂಬ ಚಂಡಮಾರುತವು ಸಮೀಪಿಸಿದ್ದರಿಂದ ಅಲ್ಲಿನ ವಿಮಾನ ನಿಲ್ದಾಣವನ್ನು ಮುಚ್ಚಲಾಯಿತು. ವಿಶ್ವವಿಜೇತರು ಹೋಟೆಲಿನ ಕೋಣೆಗಳಲ್ಲಿ ಕಾದು ಕುಳಿತರು. ವಿಶೇಷ ವಿಮಾನದಲ್ಲಿ ದೆಹಲಿ ತಲುಪಿದಾಗ ಜುಲೈ 4 ಆಗಿತ್ತು. ಜುಲೈ 1ರಂದು ಅದೇ ಚಂಡಮಾರುತವು ಗ್ರೆನಾಡಾ ದೇಶದ ಕಾರಿಯಾಕೂ ದ್ವೀಪವನ್ನು ಅಪ್ಪಳಿಸಿ ಅಲ್ಲಿನ ಮನೆಗಳನ್ನು ನೆಲಸಮ ಮಾಡಿತ್ತು. ಟಿ.ವಿ. ಪರದೆಯಲ್ಲಿ ನೀಲಿ ನೀರು, ಬಿಳಿ ಮರಳು, ತೆಂಗಿನ ಸಾಲುಗಳಾಗಿ ಕಾಣುವ ಆ ನಾಡಿನ ಇನ್ನೊಂದು ಮುಖವಿದು.

ಕೆರಿಬಿಯನ್ ರಜೆಗೂ ಗಡಿನಾಡಿನ ಕನ್ನಡ ಕುಟುಂಬಗಳಿಗೂ ಏನು ಸಂಬಂಧವೆಂದು ಕೇಳುವವರು ಇದ್ದಾರು. ಕಾಸರಗೋಡು, ಮಂಗಳೂರು, ಗೋವೆಗಳ ಕರಾವಳಿಯಿಂದ ಪ್ರವಾಸಿ ಹಡಗುಗಳಲ್ಲಿ ದುಡಿಯಲು ಹೋದ ಯುವಕರು ಅನೇಕರು. ಆ ಹಡಗುಗಳ ಮುಖ್ಯ ಸಂಚಾರಪಥವೇ ಕೆರಿಬಿಯನ್ ಸಮುದ್ರ. ಬಿಡುವಿನ ದಿನ ಅವರೂ ದಡಕ್ಕಿಳಿಯುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿನಿಂದ ಬಂದ ತಂದೆತಾಯಿಯರನ್ನೂ ಮೊಮ್ಮಕ್ಕಳನ್ನೂ ಚಳಿಗಾಲದ ರಜೆಯಲ್ಲಿ ಅಲ್ಲಿಗೆ ಕರೆದೊಯ್ಯುವುದೂ ಉಂಟು. ಹೀಗೆ ಹೋಗುವವರಲ್ಲಿ ಅಕ್ಕಲಕೋಟೆ, ಜತ್ತ, ಆದೋನಿಯಂಥ ಒಳನಾಡಿನವರೂ ಇರುತ್ತಾರೆ. ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತವರ ಧೈರ್ಯ ದೊಡ್ಡದು. ಆದರೆ ಬಾವಿಯ ನೀರು ಈಜುವವನನ್ನು ಎಲ್ಲಿಗೂ ಹೊತ್ತೊಯ್ಯುವುದಿಲ್ಲ, ಕಡಲಿನ ನೀರು ಹೊತ್ತೊಯ್ಯುತ್ತದೆ.

ಮೊದಲು ತಿಳಿಯಬೇಕಾದುದು, ಒಂದೇ ದ್ವೀಪಕ್ಕೆ ಎರಡು ಕಡಲುಗಳಿವೆ ಎಂಬುದು. ಈ ದ್ವೀಪಗಳ ಮೇಲೆ ವರ್ಷದ ಬಹುಕಾಲ ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುತ್ತವೆ. ಆದ್ದರಿಂದ ಅಟ್ಲಾಂಟಿಕ್ ಸಾಗರಕ್ಕೆ ಎದುರಾದ ಪೂರ್ವದ ದಡದಲ್ಲಿ ಅಲೆಗಳು ಒರಟು. ಕೆರಿಬಿಯನ್ ಸಮುದ್ರದ ಕಡೆಯ ಪಶ್ಚಿಮದ ದಡ ಬಹುಪಾಲು ಶಾಂತ. ಬಾರ್ಬಡೋಸಿನ ಪಶ್ಚಿಮ ತೀರದಲ್ಲಿ ಚಿಕ್ಕ ಮಕ್ಕಳು ಆಡುವಂಥ ನೀರಿದೆ. ಅದೇ ದ್ವೀಪದ ಪೂರ್ವಕ್ಕೆ ಸ್ವಲ್ಪ ಹೊತ್ತಿನ ಪಯಣ ಮಾಡಿದರೆ ಸಿಗುವ ಬ್ಯಾತ್‌ಶೀಬಾ ತೀರವು ಅಲೆಸವಾರರಿಗೆ ಪ್ರಿಯವಾದುದು. ಸಾಮಾನ್ಯರು ನಿಂತು ನೋಡಿ ಬರಬೇಕಾದ ಸ್ಥಳ. ಟ್ರಿನಿಡಾಡಿನ ಉತ್ತರ ತೀರದ ಮರಾಕಸ್ ಕೊಲ್ಲಿ ಅತ್ಯಂತ ಜನಪ್ರಿಯ. ನೀರಿನ ಸೆಳೆತಕ್ಕೂ ಅಷ್ಟೇ ಹೆಸರಾದುದು.

ಈ ಸೆಳೆತವನ್ನು ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುತ್ತಾರೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಮರಳಿ ಹೋಗಲೇಬೇಕಲ್ಲವೆ? ಅದು ಮರಳದಿಬ್ಬಗಳ ನಡುವಣ ಕಿರಿದಾದ ತಗ್ಗನ್ನು ಹುಡುಕಿಕೊಂಡು ತೊರೆಯಂತೆ ಕಡಲಿಗೆ ನುಗ್ಗುತ್ತದೆ. ಇದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 30ರಿಂದ 60 ಸೆಂಟಿಮೀಟರ್. ಕೆಲವೊಮ್ಮೆ 2 ಮೀಟರನ್ನೂ ಮೀರುತ್ತದೆ. ಆ ವೇಗಕ್ಕೆ ಎದುರಾಗಿ ಒಲಿಂಪಿಕ್ ಈಜುಗಾರನೂ ಬಹಳ ಹೊತ್ತು ಈಜಲಾರ. ಇದರಲ್ಲಿ ಮೋಸಹೋಗುವ ಸಂಗತಿಯೊಂದಿದೆ. ಅಕ್ಕಪಕ್ಕದಲ್ಲಿ ಅಲೆಗಳು ನೊರೆಯೆಬ್ಬಿಸಿ ಒಡೆಯುತ್ತಿರುವಾಗ ಈ ತಗ್ಗಿನಲ್ಲಿ ಮಾತ್ರ ಅಲೆ ಒಡೆಯದೆ ನೀರು ತಿಳಿಯಾಗಿ, ಗಾಢವಾಗಿ ಕಾಣುತ್ತದೆ. ಮಕ್ಕಳಿಗೆ ಇದೇ ಸುರಕ್ಷಿತವೆಂದು ಭಾವಿಸಿ ಹಿರಿಯರು ಅವರನ್ನು ಅಲ್ಲಿಯೇ ಇಳಿಸುತ್ತಾರೆ.

ರಿಪ್ ಕರೆಂಟ್ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ, ಅಷ್ಟೆ. ಜನ ಸಾಯುವುದು ದಡದ ಕಡೆಗೇ ನೇರವಾಗಿ ಈಜಿ, ದಣಿದು, ಮುಳುಗಿ. ಸಿಲುಕಿದವನು ಮೊದಲು ಮಾಡಬೇಕಾದುದು ಬೆನ್ನ ಮೇಲೆ ತೇಲುತ್ತ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳುವುದು, ಕೈಯೆತ್ತಿ ಸಹಾಯ ಕೇಳುವುದು. ತೊರೆ ಅಗಲವಾಗಿರುವುದಿಲ್ಲವಾದ್ದರಿಂದ, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು, ಬಳಿಕ ಓರೆಯಾಗಿ ದಡ ಸೇರಬಹುದು. ಶಕ್ತಿ ಇಲ್ಲದಿದ್ದರೆ ತೇಲುತ್ತಿರುವುದೇ ಲೇಸು. ಅಲೆ ಒಡೆಯುವ ಸಾಲನ್ನು ದಾಟಿದ ಮೇಲೆ ಸೆಳೆತ ಸಡಿಲವಾಗುತ್ತದೆ.

ಇನ್ನೂ ಕಠಿಣವಾದ ಮಾತೊಂದಿದೆ. ಮುಳುಗುತ್ತಿರುವ ಮಗುವನ್ನು ಉಳಿಸಲು ಹಾರಿದ ತಂದೆಯೋ ಅಣ್ಣನೋ ತಾವೇ ಮುಳುಗಿದ ಸುದ್ದಿ ಲೋಕದ ಎಲ್ಲ ಕರಾವಳಿಗಳಿಂದಲೂ ಬರುತ್ತದೆ. ಬರಿಗೈಯಲ್ಲಿ ನೀರಿಗೆ ಧುಮುಕಬಾರದು. ಗಾಳಿ ತುಂಬಿದ ಟ್ಯೂಬು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ಮಂಜುಗಡ್ಡೆಯ ಪೆಟ್ಟಿಗೆಯ ಥರ್ಮೋಕೋಲ್ ಮುಚ್ಚಳ, ತೇಲುವ ಯಾವುದನ್ನಾದರೂ ಎಸೆಯಬೇಕು, ಜೀವರಕ್ಷಕರನ್ನು ಕೂಗಬೇಕು. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕಿರುಚುವುದು ಅಪರೂಪ. ಉಸಿರಿಗಾಗಿ ಬಾಯಿ ಮೇಲೆತ್ತುವುದರಲ್ಲೇ ಅವರ ಶಕ್ತಿಯೆಲ್ಲ ಮುಗಿದಿರುತ್ತದೆ, ಕೂಗಲು ಉಸಿರಿರುವುದಿಲ್ಲ. ಆದ್ದರಿಂದ ಮಕ್ಕಳು ನೀರಿನಲ್ಲಿರುವಾಗ ಹಿರಿಯರೊಬ್ಬರು ಮೊಬೈಲನ್ನು ಚೀಲದಲ್ಲಿಟ್ಟು, ಕೈಗೆಟಕುವಷ್ಟು ಸಮೀಪದಲ್ಲಿರಬೇಕು. ಎಲ್ಲರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ.

ಜೀವರಕ್ಷಕರಿರುವ ತೀರಗಳಲ್ಲಿ ಬಾವುಟಗಳನ್ನು ಹಾರಿಸುತ್ತಾರೆ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಣ ಜಾಗ ಜೀವರಕ್ಷಕರ ಕಾವಲಿನಲ್ಲಿರುತ್ತದೆ. ಅಲ್ಲಿಯೇ ಸ್ನಾನ ಮಾಡಬೇಕು. ಬರಿಯ ಹಳದಿ ಎಂದರೆ ಮಧ್ಯಮ ಅಪಾಯ, ಕೆಂಪು ಎಂದರೆ ಹೆಚ್ಚಿನ ಅಪಾಯ. ನೇರಳೆ ಬಣ್ಣವು ಕುಟುಕುವ ಜೀವಿಗಳ ಸೂಚನೆ. ಕೆಲವೆಡೆ ಕಾಣುವ ಹಸಿರು ಬಾವುಟ ಕಡಿಮೆ ಅಪಾಯವನ್ನು ಹೇಳುತ್ತದೆಯೇ ಹೊರತು ಅಪಾಯವೇ ಇಲ್ಲವೆಂದು ಹೇಳುವುದಿಲ್ಲ. ಪದ್ಧತಿ ದ್ವೀಪದಿಂದ ದ್ವೀಪಕ್ಕೆ ತುಸು ಬದಲಾಗುವುದರಿಂದ ಹೋಟೆಲಿನಲ್ಲಿ ಕೇಳಿ ತಿಳಿದುಕೊಳ್ಳುವುದು ಮೇಲು. ಅಲ್ಲಿ ಒಂದು ದ್ವೀಪದ ಫಲಕ ಇಂಗ್ಲಿಷಿನಲ್ಲಿದ್ದರೆ ಮತ್ತೊಂದರದು ಸ್ಪ್ಯಾನಿಷ್, ಇನ್ನೊಂದರದು ಫ್ರೆಂಚ್ ಅಥವಾ ಡಚ್. ತನಗೆ ಓದಲು ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆಯ ಮುಂದೆ ನಿಲ್ಲುವುದು ಏನೆಂದು ಗಡಿನಾಡಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬಣ್ಣಗಳನ್ನಾದರೂ ಮಕ್ಕಳು ಕಂಠಪಾಠ ಮಾಡಿರಲಿ. ಬಾವುಟವೂ ಜೀವರಕ್ಷಕರೂ ಇಲ್ಲದ ತೀರಗಳು ಅಲ್ಲಿ ಬಹಳ. ಅಂಥಲ್ಲಿ ಮೊಣಕಾಲಿನ ಆಳವೇ ಮಿತಿಯಾಗಲಿ.

ಕಾಸರಗೋಡಿನವರಿಗೆ ಕಳ್ಳಕ್ಕಡಲ್ ಎಂಬ ಮಲಯಾಳ ಪದ ಪರಿಚಿತ. ಎಲ್ಲೋ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಇಲ್ಲಿ ಆಕಾಶ ನಿರ್ಮಲವಾಗಿರುವಾಗಲೇ ಕಳ್ಳನಂತೆ ದಡಕ್ಕೆ ನುಗ್ಗುತ್ತವೆ. ಕೆರಿಬಿಯನ್ನಿನಲ್ಲಿ ಇದಕ್ಕೆ ಸಮಾನವಾದುದು ಚಳಿಗಾಲದಲ್ಲಿ ಸಂಭವಿಸುತ್ತದೆ. ಉತ್ತರ ಅಟ್ಲಾಂಟಿಕ್ಕಿನ ಬಿರುಗಾಳಿಗಳಿಂದ ಹೊರಟ ಭಾರಿ ಅಲೆಗಳು ಡಿಸೆಂಬರಿನಿಂದ ಮಾರ್ಚಿನ ಅವಧಿಯಲ್ಲಿ ದ್ವೀಪಗಳ ಉತ್ತರದ ತೀರಗಳಿಗೆ ಬಂದು ಬೀಳುತ್ತವೆ. ಪ್ರವಾಸಿಗರು ಕಿಕ್ಕಿರಿಯುವುದೂ ಅದೇ ತಿಂಗಳುಗಳಲ್ಲಿ. ಬಿಸಿಲು ಹೊಳೆಯುತ್ತಿದೆ ಎಂದು ಕಡಲು ಸೌಮ್ಯವಾಗಿದೆ ಎನ್ನಲಾಗದು. ಆ ದಿನದ ಹವಾಮಾನ ಇಲಾಖೆಯ ಸೂಚನೆಯನ್ನು ಕೇಳಿಯೇ ಹೊರಡಬೇಕು.

ನೀರಿನಿಂದ ಮೇಲೆ ಬಂದು ಮರದ ನೆರಳಿಗೆ ಹೋಗುವಾಗಲೂ ಒಮ್ಮೆ ಮರವನ್ನು ನೋಡಬೇಕು. ಮಂಚಿನೀಲ್ ಎಂಬ ಮರ ಆ ತೀರಗಳಲ್ಲಿ ಬೆಳೆಯುತ್ತದೆ. ಹೊಳಪಿನ ಹಸಿರೆಲೆ, ಚಿಕ್ಕ ಹಸಿರು ಸೇಬಿನಂಥ ಹಣ್ಣು. ಸ್ಪ್ಯಾನಿಷ್ ಭಾಷಿಕರು ಆ ಹಣ್ಣಿಗೆ ‘ಸಾವಿನ ಪುಟ್ಟ ಸೇಬು’ ಎಂಬರ್ಥದ ಹೆಸರನ್ನಿಟ್ಟಿದ್ದಾರೆ. ನಮ್ಮ ಬೇಲಿಯ ಕಳ್ಳಿ, ಹೊಲದ ಹರಳುಗಳ ಕುಟುಂಬಕ್ಕೇ ಸೇರಿದ ಮರವಿದು. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಏನಾಗುವುದೆಂದು ಹಳ್ಳಿಯ ಮಕ್ಕಳು ಬಲ್ಲರು. ಮಂಚಿನೀಲಿನ ಹಾಲು ಅದಕ್ಕಿಂತ ಉಗ್ರ. ಚರ್ಮಕ್ಕೆ ತಾಗಿದರೆ ಬೊಕ್ಕೆಗಳೇಳುತ್ತವೆ. ಮಳೆ ಬಂತೆಂದು ಅದರಡಿಯಲ್ಲಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಅದರ ಕಟ್ಟಿಗೆಯ ಹೊಗೆ ಕಣ್ಣಿಗೆ ಕೆಡುಕು. 1999ರಲ್ಲಿ ಟೊಬೇಗೊ ದ್ವೀಪಕ್ಕೆ ರಜೆಗೆ ಹೋದ ಬ್ರಿಟನ್ನಿನ ವೈದ್ಯೆಯೊಬ್ಬರು ಮರಳಿನಲ್ಲಿ ಬಿದ್ದಿದ್ದ ಈ ಹಣ್ಣನ್ನು ಕಚ್ಚಿ ತಿಂದರು. ಮೊದಲು ಸಿಹಿಯೆನಿಸಿತು, ಬಳಿಕ ಮೆಣಸಿನಂಥ ಖಾರ, ಅನಂತರ ಗಂಟಲು ಬಿಗಿದು ನುಂಗಲಾಗದ ಯಾತನೆ. ಅವರು ಚೇತರಿಸಿಕೊಂಡು ಈ ಅನುಭವವನ್ನು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಹಲವೆಡೆ ಇಂಥ ಮರಗಳ ಕಾಂಡಕ್ಕೆ ಕೆಂಪು ಬಣ್ಣದ ಗುರುತು ಹಚ್ಚಿರುತ್ತಾರೆ, ಎಲ್ಲೆಡೆಯೂ ಅಲ್ಲ. ಅಪರಿಚಿತ ತೀರದಲ್ಲಿ ಬಿದ್ದ ಹಣ್ಣನ್ನು ಮಕ್ಕಳು ಬಾಯಿಗಿಡಬಾರದು, ಗುರುತಿಲ್ಲದ ಮರದಡಿ ಚಾಪೆ ಹಾಸಬಾರದು. ಹಾಲು ತಾಗಿದರೆ ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆದು ವೈದ್ಯರನ್ನು ಕಾಣಬೇಕು.

ಮರಳಿನ ಮೇಲೆ ನೀಲಿ ಬಲೂನಿನಂತೆ ಬಿದ್ದಿರುವುದು ಪೋರ್ಚುಗೀಸ್ ಮ್ಯಾನ್ ಆಫ್ ವಾರ್ ಎಂಬ ಜೀವಿ. ಸತ್ತ ಮೇಲೂ ಅದರ ಎಳೆಗಳು ಕುಟುಕುತ್ತವೆ. ಕುಟುಕಿದರೆ ಉಜ್ಜಬಾರದು, ಕಡಲನೀರಿನಿಂದ ತೊಳೆದು, ಎಳೆಗಳನ್ನು ಚಿಮುಟದಿಂದ ತೆಗೆದು, ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಆ ಭಾಗವನ್ನು ಇಡಬೇಕು. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಪಾಚಿ ಅಲ್ಲಿನ ತೀರಗಳಲ್ಲಿ ರಾಶಿರಾಶಿಯಾಗಿ ಬಂದು ಬೀಳುತ್ತಿದೆ. ಅದು ಕೊಳೆತಾಗ ಕೆಟ್ಟ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬರುವುದರಿಂದ ಆಸ್ತಮಾ ಇರುವವರು ದೂರವಿರಬೇಕು. ಬಿಸಿಲಿನ ಮಾತು ನಮ್ಮವರಿಗೆ ಹೊಸದಲ್ಲ. ಬಾರ್ಬಡೋಸ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬಹುಮಟ್ಟಿಗೆ ಕಾಸರಗೋಡಿನ ನೇರಕ್ಕೇ. ಮೀನು ತಿನ್ನುವವರು ಒಂದನ್ನು ನೆನಪಿಡಬೇಕು: ಬರಾಕುಡದಂಥ ದೊಡ್ಡ ಹವಳದಿಬ್ಬದ ಮೀನುಗಳಲ್ಲಿ ಸಿಗ್ವಟೆರಾ ಎಂಬ ನಂಜು ಇರಬಹುದು, ಎಷ್ಟು ಬೇಯಿಸಿದರೂ ಅದು ನಾಶವಾಗದು.

ಅಟ್ಲಾಂಟಿಕ್ಕಿನ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆಗಸ್ಟಿನಿಂದ ಅಕ್ಟೋಬರಿನ ಅವಧಿ ತೀವ್ರ. ಟಿಕೆಟು ಅಗ್ಗವಾಗಿರುವುದೂ ಆಗಲೇ. ಆ ಕಾಲದಲ್ಲೇ ಹೋಗಬೇಕಾದರೆ ಚಂಡಮಾರುತದ ಕಾರಣದ ರದ್ದತಿಯನ್ನು ಭರಿಸುವ ಪ್ರವಾಸ ವಿಮೆಯನ್ನು, ಚಂಡಮಾರುತಕ್ಕೆ ಹೆಸರಿಡುವ ಮೊದಲೇ, ಕೊಂಡಿರಬೇಕು. ದಕ್ಷಿಣದ ಅರೂಬಾ, ಬೊನೇರ್, ಕುರಸಾವ್ ದ್ವೀಪಗಳಿಗೆ ಈ ಹೊಡೆತ ವಿರಳ. ತುರ್ತು ಕರೆಯ ಸಂಖ್ಯೆಯೂ ಎಲ್ಲೆಡೆ ಒಂದೇ ಅಲ್ಲ. ಆಂಬುಲೆನ್ಸಿಗೆ ಬಾರ್ಬಡೋಸಿನಲ್ಲಿ 511, ಜಮೈಕಾದಲ್ಲಿ 110, ಡೊಮಿನಿಕನ್ ಗಣರಾಜ್ಯದಲ್ಲಿ 911. ಇಳಿಯುವ ದ್ವೀಪದ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಮಕ್ಕಳ ಜೇಬಿನಲ್ಲೂ ಒಂದು ಪ್ರತಿ ಇಡಬೇಕು. ಒದ್ದೆಯಾದ ಮೊಬೈಲು ಆ ಹೊತ್ತಿಗೆ ಕೆಲಸಕ್ಕೆ ಬಾರದು.