ಅಣ್ಣನಿಗೆ ಹೊಟ್ಟೆ, ತಂಗಿಗೆ ಸೊಂಟ

ದಾವಣಗೆರೆಯ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡರಂತೆ, ಅಣ್ಣನಿಗೂ ಮಾಡಿಸಿದರಂತೆ. ಇಬ್ಬರ ವರದಿಯಲ್ಲೂ ‘ಬೊಜ್ಜಿನ ಜೀನ್ ಇದೆ’ ಎಂದೇ ಬಂದಿದೆ. “ಒಂದೇ ಅಡುಗೆಮನೆ, ಒಂದೇ ಜೀನು. ಅವನಿಗೆ ಹೊಟ್ಟೆ ಮುಂದೆ ಬಂದಿದೆ, ನನಗೆ ಸೊಂಟ, ತೊಡೆ. ಹೀಗೇಕೆ? ವರದಿಯಲ್ಲಿ ಹೇಳಿದ ಪಥ್ಯ ಮಾಡಬೇಕಾ?”

ಪಥ್ಯದ ಮಾತನ್ನು ಮೊದಲು ಮುಗಿಸಿಬಿಡೋಣ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಮಂದಿಯನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿತು. ಒಂದು ಗುಂಪಿಗೆ ಎಣ್ಣೆ, ಬೆಣ್ಣೆ ಕಡಿಮೆ. ಇನ್ನೊಂದಕ್ಕೆ ಪಿಷ್ಟ, ಸಕ್ಕರೆ ಕಡಿಮೆ. ಯಾರ ಜೀನಿಗೆ ಯಾವ ಊಟ ‘ಒಗ್ಗುತ್ತದೆ’ ಎಂದೂ ಗುರುತು ಹಾಕಿಕೊಂಡಿದ್ದರು. 2018ರಲ್ಲಿ ಬಂದ ಫಲಿತಾಂಶ ಇದು: ಮೊದಲ ಗುಂಪು ಸರಾಸರಿ 5.3 ಕಿಲೋ ಇಳಿಯಿತು, ಎರಡನೆಯದು 6 ಕಿಲೋ. ಜೀನಿಗೆ ಒಗ್ಗುವ ಊಟ ಸಿಕ್ಕವರಿಗೂ ಸಿಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎಂಜಲು ನೋಡಿ ಊಟ ಹೇಳುವವರಿಗೆ ದುಡ್ಡು ಕೊಡುವ ಮೊದಲು ಇದಿಷ್ಟು ನೆನಪಿದ್ದರೆ ಸಾಕು.

ಇಂಥ ವರದಿಗಳ ಬೊಜ್ಜಿನ ಜೀನ್ ಎಂದರೆ ಸಾಮಾನ್ಯವಾಗಿ ಎಫ್‌ಟಿಒ. 2007ರಲ್ಲಿ ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯ ಜೀನ್ ಹುಡುಕಲು ಹೊರಟವರ ಕೈಗೆ ಸಿಕ್ಕಿಬಿದ್ದದ್ದು ಇದು. ಇದರ ಒಂದು ರೂಪವನ್ನು ಅಪ್ಪ, ಅಮ್ಮ ಇಬ್ಬರಿಂದಲೂ ಪಡೆದ ಯುರೋಪಿಯನ್ನರು ಅದು ಯಾರಿಂದಲೂ ಬಾರದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಾರೆ. ಗಂಡಸರಲ್ಲೂ ಅಷ್ಟೇ, ಹೆಂಗಸರಲ್ಲೂ ಅಷ್ಟೇ. ಹಾಗಾಗಿ ಅಣ್ಣ–ತಂಗಿಯ ಒಗಟು ಇದರಿಂದ ಬಿಡಿಸಲಾಗದು.

ತೂಕದ ಮೇಲೆ ಜೀನ್‌ಗಳ ಹಿಡಿತ ಗಂಡಿನಲ್ಲೂ ಹೆಣ್ಣಿನಲ್ಲೂ ಹೆಚ್ಚುಕಡಿಮೆ ಒಂದೇ ಎಂಬುದು ಅವಳಿಗಳಿಂದ ಎಂದೋ ಗೊತ್ತಾಗಿತ್ತು. ಚಿಕ್ಕಂದಿನಲ್ಲೇ ಬೇರೆಬೇರೆ ಮನೆ ಸೇರಿ ಬೆಳೆದ ಸ್ವೀಡನ್ನಿನ ತದ್ರೂಪಿ ಅವಳಿಗಳನ್ನು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕಾರ್ಡ್ ಮತ್ತು ಸಂಗಡಿಗರು 1990ರಲ್ಲಿ ಹೋಲಿಸಿದರು, 93 ಜೋಡಿ. ಎತ್ತರಕ್ಕೆ ತಕ್ಕ ತೂಕದಲ್ಲಿ ಜೋಡಿಗಳ ಸಾಮ್ಯ ಗಂಡಸರಲ್ಲಿ 0.70, ಹೆಂಗಸರಲ್ಲಿ 0.66 ಬಂತು. ಪೂರ್ತಿ ಒಂದೇ ಆಗಿದ್ದರೆ 1, ಸಂಬಂಧವೇ ಇಲ್ಲದಿದ್ದರೆ 0. ಉಂಡ ಮನೆ ಬೇರೆ, ಬಡಿಸಿದ ಕೈ ಬೇರೆ, ಆದರೂ ಇಷ್ಟು ಹೋಲಿಕೆ!

ಹಾಗಾದರೆ ವ್ಯತ್ಯಾಸ ಇರುವುದೆಲ್ಲಿ? ಎಷ್ಟು ತೂಕ ಎಂಬುದಕ್ಕಿಂತ ಎಲ್ಲಿ ಕೊಬ್ಬು ಎಂಬುದರಲ್ಲಿ. ನಡು ಮತ್ತು ನಿತಂಬದ ಸುತ್ತಳತೆಯ ಅನುಪಾತದ ಮೇಲೆ ಪ್ರಭಾವ ಬೀರುವ ಡಿಎನ್‌ಎಯ 14 ತಾಣಗಳನ್ನು 2010ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಪಟ್ಟಿ ಮಾಡಿತು. ಅವುಗಳಲ್ಲಿ 7 ತಾಣಗಳ ಜೋರು ಹೆಂಗಸರಲ್ಲೇ ಹೆಚ್ಚು.

ಎಲ್ಲಿ ಎಂಬುದು ಯಾಕೆ ಮುಖ್ಯ? ಭತ್ತದ ಮನೆಯನ್ನೇ ನೋಡಿ. ಸುಗ್ಗಿ ಮುಗಿದು ಭತ್ತ ಮನೆಗೆ ಬಂತು. ಕಣಜಗಳು ಬೇಕಾದಷ್ಟಿದ್ದರೆ ಚಿಂತೆಯಿಲ್ಲ, ಎಷ್ಟು ಬಂದರೂ ಸುರಿದು ಮುಚ್ಚಿಡಬಹುದು. ಇರುವುದು ಎರಡೇ ಕಣಜವಾದರೆ ಬಾಯಿವರೆಗೆ ತುಂಬಿ, ಉಳಿದದ್ದನ್ನು ನಡುಮನೆಯಲ್ಲಿ ರಾಶಿ ಹಾಕಬೇಕು, ಕಡೆಗೆ ಒಲೆಯ ಪಕ್ಕಕ್ಕೂ ಮೂಟೆ ಬರುತ್ತದೆ. ಒಟ್ಟು ಭತ್ತ ಅಷ್ಟೇ, ಕೆಟ್ಟದ್ದು ಮನೆಯ ಓಡಾಟ. ತೊಡೆ, ನಿತಂಬಗಳ ಚರ್ಮದಡಿಯ ಕೊಬ್ಬಿನ ಕೋಶಗಳೇ ಕಣಜಗಳು. ಅವು ಸಾಲದೆ ಹೋದಾಗ ಕೊಬ್ಬು ಹೊಟ್ಟೆಯೊಳಗೆ, ಯಕೃತ್ತಿಗೆ, ಮೇದೋಜೀರಕಕ್ಕೆ ನುಗ್ಗುತ್ತದೆ. ಸಕ್ಕರೆ ಕಾಯಿಲೆ ಹಿಂದೆಯೇ ಬರುತ್ತದೆ. ಮುಟ್ಟು ನಿಲ್ಲುವವರೆಗೂ ಹೆಂಗಸರಿಗೆ ಕೆಳಗಿನ ಕಣಜಗಳು ಧಾರಾಳ. ಆದ್ದರಿಂದ ತಂಗಿಯ ಸೊಂಟಕ್ಕಿಂತ ಅಣ್ಣನ ಹೊಟ್ಟೆಯದೇ ನನಗೆ ಹೆಚ್ಚು ಚಿಂತೆ.

ಈ ಕಣಜಗಳ ಲೆಕ್ಕ ತಪ್ಪಿಸುವ ಒಂದು ಜೀನ್ 7ನೇ ಕ್ರೋಮೋಸೋಮಿನಲ್ಲಿದೆ. ಹೆಸರು ಕೆಎಲ್‌ಎಫ್14. ಲಂಡನ್ನಿನ ಕಿಂಗ್ಸ್ ಕಾಲೇಜಿನ ಕೆರಿನ್ ಸ್ಮಾಲ್, ಆಕ್ಸ್‌ಫರ್ಡಿನ ಮಾರ್ಕ್ ಮೆಕಾರ್ಥಿ ಮತ್ತಿತರರು 2018ರಲ್ಲಿ ಇದರ ಗುಟ್ಟು ಬಿಡಿಸಿದರು. ನನಗೆ ಇದರಷ್ಟು ಮೋಜಿನ ಜೀನ್ ಇನ್ನೊಂದಿಲ್ಲ. ಇದರ ಅಪಾಯದ ರೂಪ ಇರುವ ಹೆಂಗಸರಲ್ಲಿ ಕೊಬ್ಬಿನ ಕೋಶಗಳ ಸಂಖ್ಯೆ ಕಡಿಮೆ, ಒಂದೊಂದರ ಗಾತ್ರ ದೊಡ್ಡದು. ಕೊಬ್ಬು ನಿತಂಬ ಬಿಟ್ಟು ಹೊಟ್ಟೆಗೆ ಸರಿಯುತ್ತದೆ. ತಕ್ಕಡಿಗೆ ಇದರ ಸುಳಿವೂ ಸಿಗದು.

ಮೋಜು ಇರುವುದು ಇದರ ವಂಶಾವಳಿಯಲ್ಲಿ. ಅಪ್ಪನಿಂದ ಬಂದ ಪ್ರತಿಯನ್ನು ದೇಹ ಬಾಯಿ ಕಟ್ಟಿ ಕೂರಿಸುತ್ತದೆ, ಅಮ್ಮನಿಂದ ಬಂದದ್ದು ಮಾತ್ರ ಕೆಲಸ ಮಾಡುತ್ತದೆ. ಒಬ್ಬನಿಗೆ ಈ ರೂಪ ತನ್ನ ತಾಯಿಯಿಂದ ಬಂತೆನ್ನಿ. ಗಂಡಸಾದ್ದರಿಂದ ಅವನಿಗೆ ಅದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಮಗಳಿಗೆ ದಾಟಿಸಿದರೂ ಅದು ಅಪ್ಪನ ಪ್ರತಿ, ಅವಳಲ್ಲಿ ಮೌನ. ಆ ಮಗಳು ತನ್ನ ಮಗಳಿಗೆ ಕೊಟ್ಟಾಗ ಅದೇ ಪ್ರತಿ ‘ಅಮ್ಮನದು’ ಆಗಿಬಿಡುತ್ತದೆ, ಅಜ್ಜನ ಮನೆಯ ಬಾಬ್ತು ಮೊಮ್ಮಗಳಲ್ಲಿ ಕೆಲಸ ಶುರುಮಾಡುತ್ತದೆ. ಅಮ್ಮನನ್ನು ನೋಡಿ ಮಗಳ ಮೈಕಟ್ಟು ಹೇಳುವವರು ಇಲ್ಲಿ ಸೋಲುತ್ತಾರೆ.

ಗಂಡು–ಹೆಣ್ಣಿನ ಕೊಬ್ಬಿನ ವ್ಯತ್ಯಾಸವೆಲ್ಲ ಹಾರ್ಮೋನಿನ ಆಟ ಎಂದು ಕೆಲವರು ತಳ್ಳಿಹಾಕುವುದುಂಟು. ಹಾರ್ಮೋನಿನ ಪಾಲು ದೊಡ್ಡದೇ, ಆದರೆ ಪೂರ್ತಿ ಅಲ್ಲ. ಲಾಸ್ ಏಂಜಲೀಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ಥರ್ ಆರ್ನಾಲ್ಡ್, ಕ್ಯಾರೆನ್ ರೂ ಮತ್ತಿತರರು ಇದನ್ನು ವಿಚಿತ್ರ ಇಲಿಗಳ ಮೇಲೆ ಪರೀಕ್ಷಿಸಿದರು. ವೃಷಣ ಬೆಳೆಸುವ ಎಸ್‌ಆರ್‌ವೈ ಜೀನನ್ನು ವೈ ಕ್ರೋಮೋಸೋಮಿನಿಂದ ತೆಗೆದು ಬೇರೊಂದಕ್ಕೆ ಸೇರಿಸಿದ ಇಲಿಗಳವು. ಹಾಗಾಗಿ ಎರಡು ಎಕ್ಸ್ ಇದ್ದೂ ವೃಷಣವಿರುವ ಇಲಿ, ಎಕ್ಸ್–ವೈ ಇದ್ದೂ ಅಂಡಾಶಯವಿರುವ ಇಲಿ ಎರಡೂ ಸಿಗುತ್ತವೆ. ಇವೆಲ್ಲದರ ವೃಷಣ, ಅಂಡಾಶಯಗಳನ್ನು ತೆಗೆದು ತಿಂಗಳುಗಟ್ಟಲೆ ಕಾದರು. ಲೈಂಗಿಕ ಹಾರ್ಮೋನಿನ ಪೂರೈಕೆ ನಿಂತ ಮೇಲೂ ಎರಡು ಎಕ್ಸ್ ಇದ್ದ ಇಲಿಗಳು ಎಕ್ಸ್–ವೈ ಇಲಿಗಳಿಗಿಂತ ಹೆಚ್ಚು ಕೊಬ್ಬಿದವು, ದುಪ್ಪಟ್ಟಿನವರೆಗೂ. ಇಲಿ ನಿದ್ದೆ ಮಾಡಬೇಕಾದ ಹಗಲು ಹೊತ್ತಿನಲ್ಲೂ ಅವು ಎದ್ದು ತಿನ್ನುತ್ತಿದ್ದವು. ಇದು 2012ರ ಮಾತು.

ಎರಡು ಎಕ್ಸ್‌ಗಳಲ್ಲಿ ಒಂದು ಮುಚ್ಚಿಕೊಂಡಿರುತ್ತದೆ ನಿಜ. ಆದರೂ ಕೆಲವು ಜೀನ್‌ಗಳು ಮುಚ್ಚಿದ ಎಕ್ಸ್‌ನಿಂದ ತಪ್ಪಿಸಿಕೊಂಡು ದುಡಿಯುತ್ತವೆ, ಹೆಣ್ಣಿನಲ್ಲಿ ಅವುಗಳ ಪ್ರಮಾಣ ಹೆಚ್ಚು. ಅಂಥದ್ದೊಂದು ಕೆಡಿಎಂ5ಸಿ. ಇದೇ ಗುಂಪಿನವರು 2020ರಲ್ಲಿ ಎರಡು ಎಕ್ಸ್‌ನ ಇಲಿಗಳಲ್ಲಿ ಅದರ ಒಂದು ಪ್ರತಿಯನ್ನಷ್ಟೇ ತೆಗೆದುಹಾಕಿದರು. ಆ ಇಲಿಗಳ ಮೈಕೊಬ್ಬು ಗಂಡಿಲಿಗಳ ಮಟ್ಟಕ್ಕೆ ಹತ್ತಿರ ಇಳಿಯಿತು.