ಹಲ್ಲಿನ ಕೀವಿಗೆ ಯಾವ ಮಾತ್ರೆ?

ಹೊರಕೆರೆದೇವಪುರದ ನಮ್ಮ ಚಿಕಿತ್ಸಾಲಯಕ್ಕೆ ದವಡೆ ಹಿಡಿದುಕೊಂಡು ಬರುವವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಯಾವ ಆಂಟಿಬಯೋಟಿಕ್ ಒಳ್ಳೆಯದು? ಕೆಲವರು ಅಷ್ಟನ್ನೂ ಕೇಳುವುದಿಲ್ಲ. ಅಂಗಿಯ ಜೇಬಿನಿಂದ ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು ನಮ್ಮ ಮುಖ ನೋಡುತ್ತಾರೆ. ಅದು ಹೋದ ವರ್ಷ ಮಗನ ಕೆಮ್ಮಿಗೆ ತಂದದ್ದಾಗಿರುತ್ತದೆ, ಇಲ್ಲವೇ ನೆರೆಮನೆಯವರು ಕೊಟ್ಟದ್ದು. ಆಯುರ್ವೇದ ವೈದ್ಯರಾದ ನಾವು ಆಂಟಿಬಯೋಟಿಕ್ ಬರೆದುಕೊಡುವವರಲ್ಲ. ಆದರೂ ಈ ಪ್ರಶ್ನೆಗೆ ಉತ್ತರಿಸದೆ ಕಳುಹಿಸಿದರೆ ಉತ್ತರ ಔಷಧದ ಅಂಗಡಿಯಲ್ಲಿ ಸಿಗುತ್ತದೆ ಎಂಬುದನ್ನು ಬಲ್ಲೆವಾದ್ದರಿಂದ ಇಲ್ಲಿ ವಿವರಿಸುತ್ತಿದ್ದೇವೆ.

ಹಲ್ಲು ಹೊರಗಿನಿಂದ ಕಲ್ಲಿನಂತೆ ಕಂಡರೂ ಅದರ ನಡುವೆ ನರ ಮತ್ತು ರಕ್ತನಾಳಗಳುಳ್ಳ ಮೃದುವಾದ ತಿರುಳಿದೆ. ಹುಳುಕು ಅಲ್ಲಿಯವರೆಗೆ ಇಳಿದಾಗ ತಿರುಳು ಊದಿಕೊಂಡು ಅಸಹನೀಯ ನೋವು ಬರುತ್ತದೆ. ಕೆಲವು ದಿನಗಳಲ್ಲಿ ತಿರುಳು ಸತ್ತುಹೋಗುತ್ತದೆ. ನೋವು ಒಮ್ಮೆಲೇ ನಿಲ್ಲುತ್ತದೆ. ರೋಗಿಯು ವಾಸಿಯಾಯಿತೆಂದು ಸಂತೋಷಪಡುತ್ತಾನೆ. ನಿಜಕ್ಕೂ ರೋಗವು ಆಗ ಬೇರಿನ ತುದಿಯನ್ನು ದಾಟಿ ದವಡೆಯ ಮೂಳೆಯೊಳಗೆ ಕೀವು ಕಟ್ಟಲು ಹೊರಟಿರುತ್ತದೆ. ನುಂಗಿದ ಮಾತ್ರೆಯು ರಕ್ತದ ಮೂಲಕವೇ ಎಲ್ಲಿಗಾದರೂ ಹೋಗಬೇಕು. ಸತ್ತ ತಿರುಳಿನಲ್ಲಿ ರಕ್ತಸಂಚಾರವೇ ಇಲ್ಲ. ಆದ್ದರಿಂದ ಎಷ್ಟು ಬೆಲೆಯ ಮಾತ್ರೆಯಾದರೂ ಸುತ್ತಲಿನ ಬಾವನ್ನು ತಗ್ಗಿಸೀತೇ ಹೊರತು ಹಲ್ಲಿನೊಳಗಿನ ಮೂಲವನ್ನು ಮುಟ್ಟಲಾರದು. ಬೇರುನಾಳದ ಚಿಕಿತ್ಸೆಯಿಂದ ಅದನ್ನು ಶುದ್ಧಿಗೊಳಿಸಬೇಕು, ಕೀವಿಗೆ ದಾರಿ ಮಾಡಬೇಕು, ಇಲ್ಲವೇ ಹಲ್ಲನ್ನು ಕೀಳಬೇಕು.

ಇದು ಪಾಶ್ಚಾತ್ಯ ವೈದ್ಯದವರ ಹೊಸ ಮಾತೆಂದು ಭಾವಿಸಬೇಕಾಗಿಲ್ಲ. ಬಾಯಿಯ 65 ರೋಗಗಳನ್ನು ಎಣಿಸಿದ ಸುಶ್ರುತಾಚಾರ್ಯರು ದಂತನಾಡಿ ಎಂಬ ಕೀವಿನ ರೋಗಕ್ಕೆ ಹೇಳಿದ್ದು ಕಷಾಯವನ್ನಷ್ಟೇ ಅಲ್ಲ. ಯಾವ ಹಲ್ಲಿನಿಂದ ನಾಡಿಯುಂಟಾಗಿದೆಯೋ ಆ ಹಲ್ಲನ್ನು ತೆಗೆಯಬೇಕು, ಉಪೇಕ್ಷಿಸಿದರೆ ಅದು ದವಡೆಯ ಮೂಳೆಯನ್ನೇ ಭೇದಿಸುತ್ತದೆ ಎಂಬುದು ಅವರ ಅಭಿಪ್ರಾಯ. ಲವಂಗದ ಎಣ್ಣೆ, ತ್ರಿಫಲಾ ಕಷಾಯ ಇವುಗಳಿದ್ದರೆ ದಂತವೈದ್ಯರೇ ಬೇಡವೆನ್ನುವ ನಮ್ಮವರು ಸುಶ್ರುತರನ್ನು ಓದಿಲ್ಲವೆಂದೇ ಹೇಳಬೇಕಾಗುತ್ತದೆ.

ನಾವೂ ಒಮ್ಮೆ ತಪ್ಪಿದ್ದೇವೆ. ಕೆಲವು ವರ್ಷಗಳ ಹಿಂದೆ, ಅಡಿಕೆ ಕೊಯ್ಲಿನ ಕಾಲ. ಐವತ್ತು ದಾಟಿದ, ಸಕ್ಕರೆ ಕಾಯಿಲೆಯುಳ್ಳ ರೈತರೊಬ್ಬರು ಕೆಳದವಡೆಯ ಬಾವಿನೊಂದಿಗೆ ಬಂದರು. ಬಾಯಿ ಮುಕ್ಕಳಿಸಲು ಕಷಾಯ, ಹೊರಗೆ ಲೇಪ ಕೊಟ್ಟು, ಕೊಯ್ಲು ಮುಗಿದೊಡನೆ ದಂತವೈದ್ಯರಲ್ಲಿಗೆ ಹೋಗಿ ಎಂದೆವು. ಇಂದೇ ಹೋಗಿ ಎನ್ನಬೇಕಿತ್ತು. ಅವರು ದಾರಿಯಲ್ಲಿ ಒಂದು ಅಂಗಡಿಯಿಂದ ಕ್ಯಾಪ್ಸೂಲುಗಳನ್ನು ಕೊಂಡು, ಎರಡು ದಿನ ನುಂಗಿ, ನೋವು ಇಳಿಯಿತೆಂದು ಬಿಟ್ಟರು. ವಾರದೊಳಗೆ ಮನೆಯವರು ಅವರನ್ನು ಹೊತ್ತು ತಂದರು. ಗದ್ದದ ಕೆಳಗೆ ಎರಡೂ ಕಡೆ ಹಲಗೆಯಂತೆ ಗಟ್ಟಿಯಾದ ಬಾವು, ಮೇಲಕ್ಕೆದ್ದ ನಾಲಿಗೆ, ಎಂಜಲನ್ನೂ ನುಂಗಲಾಗುತ್ತಿರಲಿಲ್ಲ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ, ಇಂದಿಗೂ ಅವರ ಹೆಸರಿನಲ್ಲೇ ಕರೆಯಲಾಗುವ ಸ್ಥಿತಿ ಅದು. ಉಸಿರುನಾಳ ಮುಚ್ಚಿ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ದಾವಣಗೆರೆಯಲ್ಲಿ ಕತ್ತಿನ ಕೀವನ್ನು ತೆಗೆದು ಅವರನ್ನು ಉಳಿಸಿದರು. ಅಂದಿನಿಂದ ಮುಖದ ಬಾವಿನವರನ್ನು ನಾವು ಒಂದು ರಾತ್ರಿಯೂ ತಡೆದಿಲ್ಲ.

ಹಾಗಾದರೆ ಆಂಟಿಬಯೋಟಿಕ್ ಬೇಡವೇ? ಬರಿಯ ಹಲ್ಲುನೋವಿಗೆ ಬೇಡ. ಒಸಡಿನಲ್ಲಿ ಸಣ್ಣ ಕೀವುಗುಳ್ಳೆಯಿದ್ದು ದಂತವೈದ್ಯರು ಅದನ್ನು ತೆರೆದರೆ ಬಹುಪಾಲು ಜನರಿಗೆ ಆಗಲೂ ಬೇಡ. ಜ್ವರ, ಹರಡುತ್ತಿರುವ ಬಾವು, ಹತೋಟಿಯಲ್ಲಿಲ್ಲದ ಸಕ್ಕರೆ, ಕುಗ್ಗಿದ ರೋಗನಿರೋಧಕ ಶಕ್ತಿ ಇವುಗಳಿದ್ದಾಗ ಬೇಕು. ಆಗಲೂ ಮೊದಲ ಆಯ್ಕೆ ಹಳೆಯ, ಅಗ್ಗದ ಅಮಾಕ್ಸಿಸಿಲಿನ್. ವಿಶ್ವ ಆರೋಗ್ಯ ಸಂಸ್ಥೆಯ 2022ರ ಕೈಪಿಡಿಯು ವಯಸ್ಕರಿಗೆ 500 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, ಮೂಲವನ್ನು ತೆಗೆದಿದ್ದರೆ 3 ದಿನ, ಇಲ್ಲವಾದರೆ 5 ದಿನ ಎನ್ನುತ್ತದೆ. ಇದನ್ನು ನೀವೇ ಕೊಂಡು ನುಂಗಲೆಂದು ಬರೆಯುತ್ತಿಲ್ಲ; ವೈದ್ಯರು ಅಗ್ಗದ ಮಾತ್ರೆ ಬರೆದರೆಂದು ಅಸಮಾಧಾನಪಡದಿರಲಿ ಎಂದು ಬರೆಯುತ್ತಿದ್ದೇವೆ. ಪೆನಿಸಿಲಿನ್ ಒಗ್ಗದವರಿಗೆ ಅಜಿಥ್ರೋಮೈಸಿನ್‌ನಂತಹ ಬೇರೆ ಔಷಧಗಳುಂಟು. ಮೆಟ್ರೊನಿಡಜೋಲ್ ಗಾಳಿಯಿಲ್ಲದೆ ಬದುಕುವ ರೋಗಾಣುಗಳ ಮೇಲಷ್ಟೇ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ಇನ್ನೊಂದರ ಜೊತೆಗೆ ಕೊಡುವಂಥದು. ಅದನ್ನು ನುಂಗುವಾಗ ಮದ್ಯವನ್ನು ಮುಟ್ಟಬಾರದು.

ಕೇಳಿದೊಡನೆ ಅಂಗಡಿಯಲ್ಲಿ ಕೈಗೆ ಬರುವ ಸೆಫಿಕ್ಸಿಮ್ ಹಲ್ಲಿಗೆ ಮೊದಲ ಆಯ್ಕೆಯಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್‌1ರಲ್ಲಿ ಅದೂ ಸೇರಿದೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದಾಗ ವೈದ್ಯರ ಹಾಗೂ ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆಯಬೇಕು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ, ಅಜ್ಞಾನದಿಂದ ಕಡಿಮೆ ಪ್ರಮಾಣದಲ್ಲಿ ಸೇವಿಸಿದವನು ರೋಗಾಣುಗಳನ್ನು ಔಷಧಕ್ಕೆ ಜಗ್ಗದಂತೆ ಮಾಡಿಬಿಡುತ್ತಾನೆಂದು ಎಚ್ಚರಿಸಿದ್ದರು. ಜೇಬಿನ ಅರ್ಧ ಪಟ್ಟಿಯನ್ನು ಕಂಡಾಗಲೆಲ್ಲ ನಮಗೆ ಆ ಮಾತು ನೆನಪಾಗುತ್ತದೆ.

ದಂತವೈದ್ಯರನ್ನು ತಲುಪುವವರೆಗೆ ಉಗುರುಬೆಚ್ಚನೆಯ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಬಹುದು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಹುಳುಕಿಗೆ ಇಟ್ಟರೆ ನೋವು ಮರಗಟ್ಟುತ್ತದೆ. ಕೆನ್ನೆಗೆ ಬಿಸಿ ಶಾಖ ಕೊಡಬಾರದು. ನೋವಿನ ಮಾತ್ರೆಯನ್ನು ಒಸಡಿನ ಮೇಲೆ ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ಅದು ಒಸಡನ್ನು ಸುಡುತ್ತದೆ. ಬಾಯಿ ತೆರೆಯಲಾಗದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಬಾವು ಕಣ್ಣಿನತ್ತ ಅಥವಾ ಕತ್ತಿನತ್ತ ಇಳಿದರೆ ನಮ್ಮಂಥವರ ಬಳಿಗೂ ಬರಬೇಡಿ. ನೇರವಾಗಿ ಚಿತ್ರದುರ್ಗದ ಜಿಲ್ಲಾಸ್ಪತ್ರೆಗೋ ದಾವಣಗೆರೆಗೋ ಹೊರಡಿ; ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹಿಂದೆ ಯಾವ ಮಾತ್ರೆಯಿಂದ ಮೈಮೇಲೆ ದದ್ದು ಎದ್ದಿತ್ತು, ಸಕ್ಕರೆಗೆ ಮತ್ತು ರಕ್ತ ತೆಳುವಾಗಿಸಲು ಏನು ನುಂಗುತ್ತಿದ್ದೀರಿ, ಗರ್ಭಿಣಿಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೇಬಿನ ಆ ಹಳೆಯ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿ, ಎಷ್ಟು ನುಂಗಿದ್ದೀರೆಂದು ನಾಚದೆ ಹೇಳಿ.