ಗುಂಡು ಗುರಿಯನ್ನು ತಪ್ಪುವುದೇಕೆ?

ಶೃಂಗೇರಿ ತಾಲೂಕಿನ ಬೇಗಾರಿನಂಥ ಮಲೆನಾಡಿನ ಊರುಗಳಲ್ಲಿ ಕೋವಿಯನ್ನು ಕಾಣದವರು ವಿರಳ. ತೋಟದ ರಕ್ಷಣೆಗೆಂದು ಪರವಾನಗಿ ಪಡೆದು ಇಟ್ಟುಕೊಂಡ ಆ ಕೋವಿಯ ನಳಿಗೆಯ ಒಳಮೈ ನುಣುಪಾದುದು. ಅದರಿಂದ ಹೊರಡುವುದು ಚರೆಗಳ ಒಂದು ಹರವು. ಒಂದು ಚರೆ ತಪ್ಪಿದರೆ ಇನ್ನೊಂದು ತಾಗೀತು. ಆದರೆ ಅದೇ ಊರಿನ ವಿದ್ಯಾರ್ಥಿಯೊಬ್ಬನು ಕಾಲೇಜು ಸೇರಿ, ಎನ್.ಸಿ.ಸಿ. ಶಿಬಿರದಲ್ಲಿ .22 ರೈಫಲ್ಲನ್ನು ಹಿಡಿದಾಗ ಅವನ ಮುಂದಿರುವ ಸಮಸ್ಯೆಯೇ ಬೇರೆ. ಇಲ್ಲಿ ಹೊರಡುವುದು ಒಂದೇ ಗುಂಡು. ಐದು ಈಡು ಹೊಡೆದು ನೋಡಿದರೆ ಗುರಿಹಾಳೆಯ ಮೇಲೆ ಐದು ತೂತುಗಳು ಐದು ಕಡೆ! “ರೈಫಲ್ ಸರಿಯಿಲ್ಲ” ಎನ್ನುತ್ತಾನೆ ಹುಡುಗ. “ನಿನ್ನ ಕೈ ಸರಿಯಿಲ್ಲ” ಎನ್ನುತ್ತಾರೆ ಕಲಿಸುವವರು. ಯಾರ ಮಾತು ನಿಜ? ಈ ವ್ಯಾಜ್ಯವನ್ನು ಭೌತಶಾಸ್ತ್ರದ ಮುಂದಿಟ್ಟು ನೋಡೋಣ.

ಮೊದಲು ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಬೇಕು. ತೂತುಗಳೆಲ್ಲವೂ ಒಂದೆಡೆ ಗುಂಪಾಗಿದ್ದು, ಆ ಗುಂಪು ಮಾತ್ರ ಕೇಂದ್ರದಿಂದ ಸರಿದಿದ್ದರೆ ಅದು ದೊಡ್ಡ ದೋಷವಲ್ಲ. ಗುರಿಕಿಂಡಿಯನ್ನು ಸ್ವಲ್ಪ ಸರಿಪಡಿಸಿದರೆ ಸಾಕು. ಗುಂಪೇ ಚೆದರಿದ್ದರೆ ಅದು ನಿಜವಾದ ರೋಗ. ನಿಖರತೆಯೆಂದರೆ ಒಂದು ಈಡಿಗೂ ಮತ್ತೊಂದು ಈಡಿಗೂ ಇರುವ ಸಾಮ್ಯವೇ ಹೊರತು ಬೇರೇನೂ ಅಲ್ಲ.

ಎಷ್ಟು ಸಾಮ್ಯ ಬೇಕು? ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಪ್ರಸಿದ್ಧವಾದುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 50 ಮೀಟರ್ ದೂರದ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿ.ಮೀ.; ಸುಲಿದ ತೆಂಗಿನಕಾಯಿಯ ಅಗಲದ ಸುಮಾರು ಹತ್ತನೆಯ ಒಂದು ಭಾಗ. ನಳಿಗೆಯ ಬಾಯಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಓರೆಯಾದರೂ ಗುಂಡು ಅಲ್ಲಿ 14.5 ಮಿ.ಮೀ. ಸರಿಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆಯವರು ಕಂಚಿನ ಪದಕವನ್ನು ಗೆದ್ದುದು ಇಂಥದೇ ಗುರಿಯ ಮೇಲೆ, ಇಂಥದೇ .22 ರೈಫಲ್ಲಿನಿಂದ.

ಇನ್ನು ತೋಟಾದ ವಿಚಾರ. .22 ತೋಟಾದ ಬುಡದಲ್ಲಿ ತೆಳುವಾದ ಅಂಚೊಂದಿದೆ. ಕಿಡಿಹೊತ್ತಿಸುವ ಮದ್ದು ಆ ಅಂಚಿನ ಒಳಗೆ ಸುತ್ತಲೂ ಅಡಗಿರುತ್ತದೆ. ಮೊಳೆಯು ಅಂಚನ್ನು ಜಜ್ಜಿದಾಗ ಮದ್ದು ಸಿಡಿಯುತ್ತದೆ. ಆದಕಾರಣವೇ ಇದಕ್ಕೆ ‘ರಿಮ್‌ಫೈರ್’ ಎಂಬ ಹೆಸರು. ಹೀಗೆ ಜಜ್ಜಿಹೋದ ತೋಟಾವನ್ನು ಮತ್ತೆ ತುಂಬಲು ಬರುವುದಿಲ್ಲ. ದೊಡ್ಡ ರೈಫಲ್ಲಿನವರಂತೆ ಮದ್ದನ್ನು ತಾವೇ ತೂಗಿ ತುಂಬಿಕೊಳ್ಳುವ ಸೌಲಭ್ಯ .22 ರೈಫಲ್ಲಿನವರಿಗಿಲ್ಲ. ಕಾರ್ಖಾನೆ ಕೊಟ್ಟದ್ದನ್ನೇ ಪರೀಕ್ಷಿಸಿ ಆರಿಸಿಕೊಳ್ಳಬೇಕು.

ತೋಟಾಗಳಲ್ಲಿನ ಅಲ್ಪ ವ್ಯತ್ಯಾಸದಿಂದ ಏನಾದೀತು ಎಂದು ವಾಚಕರು ಕೇಳಬಹುದು. ಲೆಕ್ಕ ಹಾಕೋಣ. ಸ್ಪರ್ಧೆಯ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಿಂದ ಹೊರಟು, 50 ಮೀಟರನ್ನು ಸುಮಾರು 0.16 ಸೆಕೆಂಡಿನಲ್ಲಿ ಕ್ರಮಿಸುತ್ತದೆ. ಅಷ್ಟರಲ್ಲಿ ಗುರುತ್ವಾಕರ್ಷಣೆ ಅದನ್ನು 12.5 ಸೆಂ.ಮೀ.ನಷ್ಟು ಕೆಳಗಿಳಿಸಿರುತ್ತದೆ. ಮತ್ತೊಂದು ಗುಂಡು ಸೆಕೆಂಡಿಗೆ 10 ಮೀಟರ್ ಕಡಿಮೆ ವೇಗದಲ್ಲಿ ಹೊರಟರೆ ಸುಮಾರು 8 ಮಿ.ಮೀ. ಹೆಚ್ಚು ಇಳಿಯುತ್ತದೆ. ಹತ್ತು ಅಂಕದ ವೃತ್ತದ ಬಹುಪಾಲು ಇಷ್ಟರಲ್ಲೇ ಕಳೆದುಹೋಯಿತು!

ಹಾಗಾದರೆ ಅತಿ ವೇಗದ ತೋಟಾ ಮೇಲಲ್ಲವೆ? ಅಲ್ಲ. ಸೆಕೆಂಡಿಗೆ 380 ಮೀಟರಿನಷ್ಟು ವೇಗದಿಂದ ಹೊರಡುವ ಗುಂಡು ದಾರಿಯಲ್ಲಿ ಶಬ್ದದ ವೇಗದ ಆಸುಪಾಸಿಗೆ ಇಳಿಯುತ್ತದೆ. ಆ ಮಿತಿಯ ಹತ್ತಿರ ಗಾಳಿಯ ತಡೆ ವಿಪರೀತವಾಗಿ ಬದಲಾಗುವುದರಿಂದ ಅಡ್ಡಗಾಳಿಗೆ ಅದು ಹೆಚ್ಚು ಸರಿಯುತ್ತದೆ. ಸ್ಪರ್ಧೆಯ ತೋಟಾಗಳನ್ನು ಶಬ್ದಕ್ಕಿಂತ ನಿಧಾನವಾಗಿಯೇ ಇಟ್ಟಿರುವುದು ಈ ಕಾರಣಕ್ಕಾಗಿ.

ರೈಫಲ್ಲಿನಲ್ಲಿ ಗಮನಿಸಬೇಕಾದ ಭಾಗಗಳು ಮುಖ್ಯವಾಗಿ ಮೂರು. ಮೊದಲನೆಯದು ನಳಿಗೆಯ ಬಾಯಿ. ಗುಂಡು ಕೊನೆಯದಾಗಿ ಮುಟ್ಟುವ ಈ ಅಂಚಿನಲ್ಲಿ ಒಂದು ಕಡೆ ಸವೆತವಿದ್ದರೆ, ಹಿಂದಿನಿಂದ ನುಗ್ಗುವ ಅನಿಲ ಆ ಕಡೆಯಿಂದ ಮೊದಲು ತಪ್ಪಿಸಿಕೊಂಡು ಗುಂಡನ್ನು ಓರೆಗೊಳಿಸುತ್ತದೆ. ಶುಚಿ ಮಾಡುವ ಸಲಾಕೆಯನ್ನು ಬಾಯಿಯ ಕಡೆಯಿಂದ ತುರುಕಿ ಎಳೆದಾಡಬಾರದು. ಎರಡನೆಯದು ಮರದ ದಿಮ್ಮಿಗೂ ಲೋಹಕ್ಕೂ ಇರುವ ಜೋಡಣೆ. ಮಲೆನಾಡಿನ ಮಳೆಗಾಲದಲ್ಲಿ ಬಾಗಿಲುಗಳು ಉಬ್ಬಿ ಬಿಗಿಯಾಗುವುದನ್ನು ನಾವೆಲ್ಲರೂ ಬಲ್ಲೆವು. ರೈಫಲ್ಲಿನ ಮರವೂ ಹಾಗೆಯೇ ಉಬ್ಬಿ ನಳಿಗೆಯನ್ನು ಒತ್ತಿದರೆ, ಬೇಸಿಗೆಯಲ್ಲಿ ಸರಿಯಾಗಿದ್ದ ಗುರಿ ಆಷಾಢದಲ್ಲಿ ಬದಲಾಗುತ್ತದೆ. ತಿರುಪುಗಳ ಬಿಗಿತವೂ ಸದಾ ಒಂದೇ ಆಗಿರಬೇಕು. ಮೂರನೆಯದು ಟ್ರಿಗರ್. ಅದು ಬಿಗಿಯಾಗಿದ್ದರೆ ಎಳೆಯುವ ಬೆರಳೇ ರೈಫಲ್ಲನ್ನು ಸರಿಸುತ್ತದೆ. ಆದರೆ ಅತಿ ಸಡಿಲವಾದ ಟ್ರಿಗರ್ ಪ್ರಾಣಕ್ಕೇ ಅಪಾಯ. ಶಿಬಿರದ ರೈಫಲ್ಲನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಕೂಡದು. ಅದು ಶಸ್ತ್ರಗಳ ದುರಸ್ತಿ ಬಲ್ಲವರ ಕೆಲಸ.

ಈಗ ವ್ಯಾಜ್ಯಕ್ಕೆ ಮರಳೋಣ. ಸಾಕ್ಷ್ಯವನ್ನು ಕೂಡಿಸುವುದರಲ್ಲಿಯೇ ಹಲವರು ಎಡವುತ್ತಾರೆ. ಅತ್ಯಂತ ದೂರದ ಎರಡು ತೂತುಗಳ ಅಂತರವನ್ನು ಗುಂಪಿನ ಅಗಲವೆನ್ನೋಣ. ಮೂರು ಈಡುಗಳ ಗುಂಪು ಸರಾಸರಿ 24 ಮಿ.ಮೀ. ಆಗುವ ರೈಫಲ್ಲಿನಲ್ಲಿ, ಏನನ್ನೂ ಬದಲಿಸದಿದ್ದರೂ, ಐದರ ಗುಂಪು ಸುಮಾರು 31, ಹತ್ತರ ಗುಂಪು ಸುಮಾರು 38 ಮಿ.ಮೀ. ಆಗುತ್ತದೆ. ಅಲ್ಲದೆ ಐದರ ಒಂದು ಗುಂಪು ಕೇವಲ ಆಕಸ್ಮಿಕವಾಗಿ ಕಾಲುಭಾಗದಷ್ಟು ಹಿಗ್ಗುವುದೂ ಕುಗ್ಗುವುದೂ ಸಾಮಾನ್ಯ. ಆದ್ದರಿಂದ ಒಂದು ಗುಂಪನ್ನು ನೋಡಿ ತೀರ್ಪು ಕೊಡಬಾರದು. ಎರಡು ಬಗೆಯ ತೋಟಾಗಳನ್ನು ಹೋಲಿಸಬೇಕಾದರೆ ಪ್ರತಿಯೊಂದರಿಂದ ಐದೈದು ಈಡುಗಳ ನಾಲ್ಕು ಗುಂಪುಗಳನ್ನಾದರೂ ಹೊಡೆದು ಸರಾಸರಿ ತೆಗೆಯಬೇಕು. ತೋಟಾ ಬದಲಿಸಿದೊಡನೆ ಹೊಡೆದ ಮೊದಲ ಕೆಲವು ಈಡುಗಳನ್ನು ಲೆಕ್ಕದಿಂದ ಬಿಡಬೇಕು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು.

ರೈಫಲ್ಲನ್ನು ಮರಳು ಚೀಲದ ಮೇಲೆ ಭದ್ರವಾಗಿಟ್ಟು ಹೊಡೆದಾಗ ಗುಂಪಿನ ಅಗಲ ಸರಾಸರಿ 15 ಮಿ.ಮೀ. ಬಂದಿತೆನ್ನೋಣ. ಇದು ರೈಫಲ್ ಮತ್ತು ತೋಟಾಗಳ ಪಾಲು. ಅದೇ ಹುಡುಗ ಕೈಯಲ್ಲಿ ಹಿಡಿದು ಹೊಡೆದಾಗ 25 ಬಂದಿತೆನ್ನೋಣ. ಕೈಯ ಪಾಲು 10 ಎಂದು ಕಳೆಯುವಂತಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು ಲಂಬಕೋನ ತ್ರಿಭುಜದ ಬಾಹುಗಳಂತೆ ಕೂಡುತ್ತವೆ: 25ರ ವರ್ಗದಿಂದ 15ರ ವರ್ಗವನ್ನು ಕಳೆದರೆ ಉಳಿಯುವುದು 20ರ ವರ್ಗ. ಕೈಯ ಪಾಲು 20!

ಹಣ ಸುರಿದು ರೈಫಲ್ಲಿನ ಪಾಲನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು ಗುಂಪು ಸುಮಾರು 21ಕ್ಕೆ ಮಾತ್ರ ಇಳಿಯುತ್ತದೆ. ಅಭ್ಯಾಸದಿಂದ ಕೈಯ ಪಾಲನ್ನು ಅರ್ಧ ಮಾಡಿದರೆ 18ಕ್ಕೆ ಇಳಿಯುತ್ತದೆ. ಕಾಸೂ ಖರ್ಚಾಗದ ದಾರಿಯೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ. ಈ ಅಂಕಿಗಳು ತಿರುಗುಮುರುಗಾಗಿದ್ದರೆ ಹುಡುಗನ ದೂರೇ ನ್ಯಾಯವಾದುದು. ಆಗ ಎಷ್ಟು ಗದರಿಸಿದರೂ ಅವನ ಗುಂಪು ಚಿಕ್ಕದಾಗದು.

ಆದ್ದರಿಂದ ಹುಡುಗನ ಮಾತನ್ನೂ ಕಲಿಸುವವರ ಮಾತನ್ನೂ ಸದ್ಯಕ್ಕೆ ಬದಿಗಿಟ್ಟು, ಒಂದು ಅಳತೆಪಟ್ಟಿಯನ್ನೂ ಒಂದು ನೋಟುಬುಕ್ಕನ್ನೂ ತರಿಸುವುದು ಮೇಲು. ಯಾವ ತಪ್ಪು ದೊಡ್ಡದೆಂದು ಅಳೆದು ತಿಳಿದ ಮೇಲೆ, ಮೊದಲು ತಿದ್ದಬೇಕಾದುದು ಯಾವುದೆಂದು ಯಾರೂ ಜಗಳವಾಡಬೇಕಾಗಿಲ್ಲ.